ನಮ್ಮ ರೈಲುಕಟ್ಟೆ ಲೇಔಟ್ ಆಗೋಕ್ಕೆ ಮುಂಚೆ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ಬೆಳಿಗ್ಗೆ ನಮ್ಮೂರ ರೈಲುಕಟ್ಟೆ ಮೇಲೆ ಜೆಸಿಬಿ ಹತ್ತಿತ್ತು. ರೈಲುಕಟ್ಟೆ ಅಂದ ತಕ್ಷಣ ಏನೋ ದೊಡ್ಡ ಬ್ರಿಡ್ಜು ಅಂದ್ಕೋಬೇಡಿ, ಹಿಂದೆ ಸಣ್ಣ ರೈಲು ಓಡ್ತಿದ್ದ, ಈಗ ಹಳಿ ಇಲ್ಲದ ಆಳೆತ್ತರದ ಮಣ್ಣಿನ ಏರಿ ಅಷ್ಟೇ, ಮೇಲೆ ಒಂದು ಎತ್ತಿನಗಾಡಿ ಹೋಗೋಷ್ಟು ಅಗಲ, ಎರಡೂ ಮಗ್ಗುಲಿಗೆ ಲಂಟಾನ, ಕತ್ತಾಳೆ, ಅಲ್ಲೊಂದು ಇಲ್ಲೊಂದು ಹೊಂಗೆ ಮರ. ನಾನು ಸೆಕೆಂಡ್ ಶಿಫ್ಟ್ ಮುಗಿಸ್ಕೊಂಡು ಬಂದು ಮಲಗಿದ್ದೆ, ಸದ್ದಿಗೆ ಎದ್ದು ಓಡಿದೆ. ಡ್ರೈವರ್ ಹುಡುಗನ್ನ ಕೇಳಿದ್ರೆ "ಅಣ್ಣಾ, ಸೈಟಿಗೆ ದಾರಿ ಬಿಡ್ಸಕ್ಕೆ ಹೇಳವ್ರೆ, ನಂಗಷ್ಟೇ ಗೊತ್ತಿರೋದು" ಅಂದ. ಪಾಪ ಅವನದ್ದೇನು ತಪ್ಪು. ಅಷ್ಟರಲ್ಲಿ ಇಪ್ಪತ್ತಡಿ ಕಟ್ಟೆ ನೆಲಸಮ ಆಗಿತ್ತು. ಊರಿನ ನಾಲ್ಕು ಜನ ಸೇರಿ ಗಲಾಟೆ ಮಾಡಿದ್ಮೇಲೆ ಗಾಡಿ ಇಳಿಸ್ಕೊಂಡು ಹೋದ್ರು, "ಪೊಂಗಲ್ ಕಳೀಲಿ, ಪೇಪರ್ ತಗೊಂಡೇ ಬತ್ತೀವಿ" ಅಂತ ಹೇಳಿ ಹೋಗವ್ರೆ. ಅದಕ್ಕೇ ಈ ಪತ್ರ, ಈ ಕಟ್ಟೆನ ನಡೆಯೋಕೆ, ಸೈಕಲ್ ಹೊಡೆಯೋಕೆ ದಾರಿ ಮಾಡಿ ಉಳಿಸಿ ಅಂತ ಕೇಳೋಕೆ.

ನಮ್ಮೂರು ಕೃಷ್ಣಗಿರಿ ಜಿಲ್ಲೆ ರಾಯಕೋಟೆ ಕಡೆ. ತಮಿಳುನಾಡು, ಆದ್ರೆ ಮನೇಲಿ ಕನ್ನಡ, ಸಂತೆಲಿ ತಮಿಳು, ಅರ್ಧ ಊರು ತೆಲುಗು. ಬೆಂಗಳೂರಿನ ಜನಕ್ಕೆ ಹೊಸೂರು ಅಂದ್ರೆ ಅತ್ತಿಬೆಲೆ ಟ್ರಾಫಿಕ್ಕು, ಫ್ಯಾಕ್ಟರಿ, ಗುಲಾಬಿ ಹೂವು ಇಷ್ಟೇ. ಇಲ್ಲಿಗೆ 1913ರಲ್ಲೇ ಸಣ್ಣ ರೈಲು ಬಂದಿತ್ತು ಅನ್ನೋದು ಹೊಸೂರಲ್ಲೇ ಇರೋ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಥೆ ಹೀಗೆ. ಆಗಿನ ಸೇಲಂ ಜಿಲ್ಲೆ ಪದೇ ಪದೇ ಬರ ಬೀಳೋ ಸೀಮೆ, ಬರ ಬಂದಾಗ ಕಾಳು ಕಡ್ಡಿ ಸಾಗಿಸೋಕೆ ಅಂತ ಮೇನ್ ಲೈನಿಂದ ಒಳಗಡೆಗೆ ಎರಡು ನ್ಯಾರೋಗೇಜ್ ಲೈನ್ ಹಾಕಿದ್ರು, ತಿರುಪತ್ತೂರಿಂದ ಕೃಷ್ಣಗಿರಿಗೆ ಒಂದು, 1905ರಲ್ಲಿ, ಮೊರಪ್ಪೂರಿಂದ ಧರ್ಮಪುರಿಗೆ ಇನ್ನೊಂದು, 1906ರಲ್ಲಿ. ಆ ಎರಡನೇದನ್ನೇ ಎಳ್ಕೊಂಡು ಬಂದು ಹೊಸೂರು ಮುಟ್ಟಿಸಿದ್ರು. ಹಳಿ ಹಳಿ ಮಧ್ಯೆ ಎರಡೂವರೆ ಅಡಿ, ಅಂದ್ರೆ 762 ಮಿಲಿಮೀಟರ್. ನಮ್ಮ ಹಳೇ ಮನೆ ಬಾಗಿಲೂ ಹತ್ತಿರತ್ರ ಅಷ್ಟೇ ಅಗಲ.

1941ರಲ್ಲಿ ಎರಡನೇ ಮಹಾಯುದ್ಧದ ಟೈಮಲ್ಲಿ ಎರಡೂ ಲೈನ್ ನಿಂತೋಯ್ತು, ಹಳಿ ಕಿತ್ತು ಸಾಗಿಸಿದ್ರು. ಆಗ ನಮ್ಮದೊಂದೇ ಅಲ್ಲ, ಶೋರನೂರು-ನಿಲಂಬೂರು ಲೈನೂ ಕಿತ್ರು, ಮದುರೆಯಿಂದ ಬೋಡಿನಾಯಕನೂರಿಗೆ ಹೋಗೋದನ್ನೂ ಕಿತ್ರು. ಸ್ವಾತಂತ್ರ್ಯ ಬಂದ್ಮೇಲೆ 50ರ ದಶಕದಲ್ಲಿ ಅವೆರಡೂ ವಾಪಸ್ ಬಂತು, ಈಗ ನಿಲಂಬೂರು ಲೈನಲ್ಲಿ ತೇಗದ ಮರದ ಮಧ್ಯೆ ಹೋಗೋದನ್ನ ರೀಲ್ಸ್ ಮಾಡಾಕ್ತಾರೆ. ನಮ್ಮ ಸಣ್ಣ ಹಳಿ ಮಾತ್ರ ಹೋಗಿದ್ದು ಹೋಯ್ತು. ಆಮೇಲೆ ಸೇಲಂ-ಬೆಂಗಳೂರು ದೊಡ್ಡ ಲೈನ್ ಬಂತು ಅನ್ನಿ, ಹೊಸೂರು ಬಚಾವ್. ಕೃಷ್ಣಗಿರಿ ಟೌನ್ ಕಥೆ ನೋಡಿ, 1905ರಲ್ಲಿ ರೈಲಿತ್ತು, ಈಗ ಜಿಲ್ಲಾ ಕೇಂದ್ರ ಆಗಿದ್ರೂ ರೈಲಿಲ್ಲ.

ನಮ್ಮಜ್ಜಿ ಚಿಕ್ಕ ಹುಡುಗಿ ಇದ್ದಾಗ ಆ ರೈಲಲ್ಲಿ ಕೂತಿದ್ದೋಳು. ಏರು ಬಂದಾಗ ಗಂಡಸ್ರು ಇಳಿದು ಪಕ್ಕದಲ್ಲೇ ನಡ್ಕೊಂಡು ಬಂದು ಬೀಡಿ ಸೇದಿ ಮತ್ತೆ ಹತ್ತೋರಂತೆ. ನಾನು ಇದನ್ನ ತುಂಬಾ ದಿನ ನಮ್ಮೂರ ಸ್ಪೆಷಲ್ ಕಥೆ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದ್ದೆ, ಆಮೇಲೆ ನೋಡಿದ್ರೆ ಎಲ್ಲ ಸಣ್ಣ ರೈಲಿಗೂ ಇದೇ ಕಥೆ ಹೇಳ್ತಾರೆ. ಇರ್ಲಿ. ಕಥೆಗಿಂತ ಗಟ್ಟಿಯಾದ್ದು ಒಂದಿದೆ, ನಮ್ಮ ಕನ್ನಡ ಶಾಲೆ ಗಂಟೆ. ಅದು ಗಂಟೆ ಅಲ್ಲ, ಮೊಳದುದ್ದದ ಹಳಿ ತುಂಡು, ಬೇವಿನ ಕೊಂಬೆಗೆ ತಂತಿ ಕಟ್ಟಿ ನೇತಾಕಿರೋದು. ಈಗಿನ ಹಳಿ ತುಂಡನ್ನ ಒಬ್ಬ ಎತ್ತೋಕೆ ಕಷ್ಟಪಡಬೇಕು, ಇದನ್ನ ನಾವು ಐದನೇ ಕ್ಲಾಸಲ್ಲೇ ಬಗಲಲ್ಲಿ ಇಟ್ಕೊಂಡು ಓಡ್ತಿದ್ವಿ, ಅಷ್ಟು ಸಣಕಲು. ಒಂದು ಮಗ್ಗುಲಲ್ಲಿ ಅಕ್ಷರ ಇತ್ತು, ಬಡಿದು ಬಡಿದು ಸವೆದು ಈಗ ಬೆರಳಿಟ್ಟು ಸವರಿದ್ರೆ ಮಾತ್ರ ಗೊತ್ತಾಗುತ್ತೆ. ಬೆಳಿಗ್ಗೆ ಅದು ಬಡಿದಾಗ ಅಜ್ಜಿ "ರೈಲು ಬಂತು, ಏಳೋ" ಅಂತ ಹೊದಿಕೆ ಎಳೆಯೋಳು.

ಈಗ ವಿಷಯಕ್ಕೆ ಬರ್ತೀನಿ. ಹಾಳುಬಿದ್ದಿರೋ ರೈಲು ದಾರಿನ ನಡೆಯೋಕೆ, ಸೈಕಲ್ ಹೊಡೆಯೋಕೆ ದಾರಿ ಮಾಡಿ ಅದರಿಂದ ಹಳ್ಳಿ ಜನ ನಾಲ್ಕು ಕಾಸು ಸಂಪಾದಿಸೋದು ಹೊಸ ಐಡಿಯಾ ಏನಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ರಾಯ್-ಸ್ಪಾರ್ಟಾ ಅಂತ ಒಂದು ದಾರಿ 60ರ ದಶಕದಲ್ಲೇ ಆಗಿದೆ, ಮೂರು ಸುರಂಗ ಇದೆ ಅದರಲ್ಲಿ. ನ್ಯೂಜಿಲೆಂಡಲ್ಲಿ ಒಟಾಗೊ ಅಂತ ಒಂದು ಸೀಮೆ, 1990ರಲ್ಲಿ ರೈಲು ನಿಂತೋಯ್ತು, 2000ರಲ್ಲಿ ಅದೇ ದಾರಿಲಿ 152 ಕಿಲೋಮೀಟರ್ ಸೈಕಲ್ ದಾರಿ ತೆರೆದ್ರು, ಅಲ್ಲಿರೋದೆಲ್ಲ ಕುರಿ ಸಾಕೋ ಸಣ್ಣ ಸಣ್ಣ ಊರು, ಈಗ ಅಲ್ಲಿ ರಾತ್ರಿ ತಂಗೋ ಜನಕ್ಕೆ ರೂಮು ಕೊಟ್ಟು ಊಟ ಹಾಕಿ ಬದುಕೋರು ಇದ್ದಾರೆ. ಸ್ಪೇನ್‌ನಲ್ಲಿ 1993ರಲ್ಲಿ ಶುರುಮಾಡಿ ಈಗ ಮೂರು ಸಾವಿರ ಕಿಲೋಮೀಟರ್ ಮೇಲೆ ಮಾಡವ್ರೆ, ಹಸಿರು ದಾರಿ ಅಂತಲೇ ಅವರ ಭಾಷೇಲಿ ಹೆಸರು. ಅದರಲ್ಲಿ ಒಂದು ದಾರಿ ಆಲಿವ್ ಎಣ್ಣೆ ಸಾಗಿಸ್ತಿದ್ದ ರೈಲಿಂದು, ಎರಡೂ ಕಡೆ ಆಲಿವ್ ತೋಪು. ಅದರ ಫೋಟೋ ನೋಡಿದಾಗ ನಂಗೆ ಅನ್ಸಿದ್ದು ಒಂದೇ, ಆಲಿವ್ ತೆಗೆದು ಮಾವು ಇಟ್ರೆ ಅದು ನಮ್ಮೂರೇ.

ರೈಲು ದಾರಿಗೂ ಬೇರೆ ಕಾಲುದಾರಿಗೂ ವ್ಯತ್ಯಾಸ ಏನು ಅಂತ ಕೇಳ್ಬೋದು. ರೈಲಿಗೆ ದಿಢೀರ್ ಏರು ಹತ್ತೋಕಾಗಲ್ಲ, ದಿಢೀರ್ ತಿರುಗೋಕೂ ಆಗಲ್ಲ. ಅದಕ್ಕೆ ಆಗಿನ ಇಂಜಿನಿಯರ್‌ಗಳು ಗುಡ್ಡ ಬಂದ ಕಡೆ ಕಡಿದು, ಹಳ್ಳ ಬಂದ ಕಡೆ ಏರಿ ಹಾಕಿ, ಇಳಿಜಾರನ್ನ ಎಷ್ಟೋ ಮೈಲಿ ಮೇಲೆ ಹಂಚಿ ಮೆತ್ತಗೆ ಮಾಡಿರ್ತಾರೆ. ಧರ್ಮಪುರಿಗೂ ಹೊಸೂರಿಗೂ ಎತ್ತರದಲ್ಲಿ ಹೆಚ್ಚುಕಮ್ಮಿ 400 ಮೀಟರ್ ವ್ಯತ್ಯಾಸ, ರಸ್ತೇಲಿ ಬಂದ್ರೆ ಸೈಕಲ್ ಇಳಿದು ತಳ್ಳೋ ಕಡೆ ಇದೆ, ಕಟ್ಟೆ ಮೇಲೆ ನಾನು ಐವತ್ತೆರಡು ವರ್ಷದೋನು ಗೇರ್ ಇಲ್ಲದ ಹಳೇ ಸೈಕಲಲ್ಲಿ ಉಸಿರು ಕಟ್ಟದಂಗೆ ಹೋಗ್ತೀನಿ. ಮಕ್ಕಳು, ವಯಸ್ಸಾದೋರು, ಮಂಡಿ ನೋವಿನೋರು ಎಲ್ಲ ನಡೀಬೋದು. ಬೆಂಗಳೂರಿನ ಸೈಕಲ್ ಹುಡುಗರು ರೈಲಲ್ಲಿ ಹೊಸೂರಿಗೆ ಬಂದು ಇಳಿದು, ಇಳಿಜಾರಲ್ಲೇ ರಾಯಕೋಟೆ, ಪಾಲಕೋಡು ಕಡೆ ಹೋಗಿ, ಧರ್ಮಪುರಿಲಿ ರೈಲು ಹತ್ತಿ ವಾಪಸ್ ಹೋಗ್ಬೋದು, ಕಾರೇ ಬೇಡ. ದಾರಿಲಿ ರಾಯಕೋಟೆ ಬೆಟ್ಟದ ಮೇಲೆ ಕೋಟೆ ಇದೆ, 1791ರಲ್ಲಿ ಟಿಪ್ಪು ಕೈಯಿಂದ ಇಂಗ್ಲಿಷರಿಗೆ ಹೋದ ಕೋಟೆ, ಮೇಲಿಂದ ನೋಡಿದ್ರೆ ಬಾರಾಮಹಲ್, ಅಂದ್ರೆ ಕೃಷ್ಣಗಿರಿ ಧರ್ಮಪುರಿ ಸುತ್ತಿನ ಹಳೇ ಸೀಮೆ, ದೂರದ ತನಕ ಕಾಣ್ಸುತ್ತೆ. ಹೊಸೂರಿನ ಪಕ್ಕ ತೊರಪಳ್ಳಿ, ರಾಜಾಜಿ ಹುಟ್ಟಿದ ಊರು. ಆದ್ರೆ ನನ್ನ ಕೇಳಿದ್ರೆ ಕೋಟೆಗಿಂತ ರಾಯಕೋಟೆ ಟೊಮೊಟೊ ಮಂಡಿ ಬೆಳಿಗ್ಗೆ ಆರಕ್ಕೆ ನೋಡ್ಬೇಕು, ರೇಟಿದ್ದ ದಿನ ಕ್ರೇಟಿಗೆ ಕ್ರೇಟು ಜಗಳ, ರೇಟಿಲ್ಲದ ದಿನ ರಸ್ತೆ ಬದಿಗೆ ಸುರಿದು ಹೋದ ಕೆಂಪು ಗುಡ್ಡೆ, ಅದಕ್ಕೆ ಮೂತಿ ಹಾಕಿ ತಿಂತಾ ನಿಂತಿರೋ ಹಸುಗಳು. ಟೂರಿಸ್ಟು ಬಂದು ಇದನ್ನೂ ನೋಡ್ಲಿ.

ಕಟ್ಟೆ ಕೆಳಗೆ ನೀರು ಹೋಗೋಕೆ ಮಾಡಿರೋ ಮೋರಿಗಳು ಇವೆಯಲ್ಲ, ಅದನ್ನ ಯಾರೂ ನೋಡಲ್ಲ. ನಮ್ಮ ಹೊಲದ ಹತ್ರ ಒಂದಿದೆ. ಸೈಜುಗಲ್ಲು, ಗಾರೆ, ಒಂದು ಮಗು ಬಗ್ಗಿ ಹೋಗೋಷ್ಟು ಎತ್ತರ, ಒಳಗೆ ಬಾವಲಿ ಇರುತ್ತೆ, ಬೇಸಿಗೇಲೂ ತಣ್ಣಗೆ. ನಾಲ್ಕು ವರ್ಷದ ಹಿಂದೆ ಮೇಲಿನ ಹೊಲ ತಗೊಂಡೋರು ಅದರ ಬಾಯಿಗೆ ಮಣ್ಣು ಸುರಿದು ಮುಚ್ಚಿಬಿಟ್ರು, ಆ ವರ್ಷ ಮಳೆ ನೀರು ಹೋಗೋಕೆ ದಾರಿ ಇಲ್ಲದೆ ಕಟ್ಟೆ ಪಕ್ಕ ನಿಂತು ನಮ್ಮದು ಮುಕ್ಕಾಲು ಎಕರೆ ರಾಗಿ ಕೊಳೀತು. ಮುಚ್ಚಿದ್ದನ್ನ ನಾನೂ ನನ್ನ ಮಗನೂ ಎರಡು ದಿನ ಗುದ್ದಲಿ ಹಿಡಿದು ಬಿಡಿಸಿದ್ವಿ. ಒಳಗಿನ ಒಂದು ಕಲ್ಲೂ ಅಲ್ಲಾಡಿರಲಿಲ್ಲ. ಅದಕ್ಕೇ ಹೇಳೋದು, ಟೂರಿಸಂ ಅಂತ ಬಂದು ಕಟ್ಟೆ ಮೇಲೆ ಟೈಲ್ಸ್ ಹಾಕಿ ಕಾಂಕ್ರೀಟ್ ಹಾಕಿ ಮೋರಿ ಮುಚ್ಚೋದಾದ್ರೆ ಬರೋದೇ ಬೇಡ. ಲಂಟಾನ ಕಡೀಲಿ, ಮೋರಿ ಬಾಯಿ ಬಿಡಿಸ್ಲಿ, ಕುಸಿದ ಕಡೆ ಗ್ರಾವೆಲ್ ಹಾಕಿ ರೋಲರ್ ಹೊಡೀಲಿ, ಎರಡು ತುದಿಗೆ ಬೈಕು ಜೀಪು ನುಗ್ಗದಂಗೆ ಕಲ್ಲುಕಂಬ ನೆಡಲಿ. ಮುಗೀತು.

ಅದಕ್ಕೂ ಮುಂಚೆ ಆಗ್ಬೇಕಾದ ಕೆಲಸ ಒಂದಿದೆ, ಅದು ಜಾಗ ಯಾರದ್ದು ಅಂತ ತೀರ್ಮಾನ ಆಗೋದು. ಎರಡು ವರ್ಷದಿಂದ ನಾನು ಇದರ ಹಿಂದೆ ಬಿದ್ದಿದೀನಿ. ಒಂದು ಆಫೀಸಲ್ಲಿ ಕೇಳಿದ್ರೆ "ಅದು ರೈಲ್ವೆ ಪೊರಂಬೋಕು, ನಮ್ಮ ಕೈಲಿಲ್ಲ" ಅಂತಾರೆ, ಪೊರಂಬೋಕು ಅಂದ್ರೆ ಕಂದಾಯ ಇಲ್ಲದ ಸರ್ಕಾರಿ ಜಾಗ, ಇನ್ನೊಂದು ಆಫೀಸಿಗೆ ಹೋದ್ರೆ "ಹಳಿ ಕಿತ್ತಾದ್ಮೇಲೆ ನಮಗೇನು ಸಂಬಂಧ, ರೆವೆನ್ಯೂನೋರನ್ನ ಕೇಳಿ" ಅಂತಾರೆ. ಎಫ್‌ಎಂಬಿ ನಕ್ಷೆ, ಅಂದ್ರೆ ಹೊಲದ ಅಳತೆ, ಗಡಿ ತೋರಿಸೋ ಸರ್ಕಾರಿ ನಕ್ಷೆ, ಕೊಡಿ ಅಂದ್ರೆ ನಮ್ಮ ಸರ್ವೆ ನಂಬರ್‌ದು ಕೊಡ್ತಾರೆ, ಕಟ್ಟೆದು ಮಾತ್ರ ಹಾಳೆ ಹರಿದೋಗಿದೆ ಅಂತಾರೆ. ನಾನು ಹರಿದ ಹಾಳೆನೇ ಜೆರಾಕ್ಸ್ ಮಾಡ್ಕೊಡಿ ಅಂದೆ. ನಕ್ರು. ಈ ಕಡೆ ಯಾರದ್ದೂ ಅಲ್ಲದ ಜಾಗಕ್ಕೆ ರಾತ್ರೋರಾತ್ರಿ ಪಟ್ಟಾ ಇರೋರು ಹುಟ್ಕೋತಾರೆ, ಆ ಕಡೆ ನಮ್ಮಂಥೋರು ಟೀ ಅಂಗಡಿಲಿ ಕೂತು ಮಾತಾಡ್ತೀವಿ.

ಯಾಕೆ ಅರ್ಜೆಂಟ್ ಅಂದ್ರೆ, ರೈಲು ದಾರಿಗೆ ಬೆಲೆ ಇರೋದೇ ಅದು ಉದ್ದಕ್ಕೆ ತುಂಡಾಗದೆ ಇರೋದ್ರಿಂದ. ಐದು ಕಿಲೋಮೀಟರಿಗೊಂದು ಕಡೆ ಲೇಔಟ್ ಎದ್ರೂ ಮಿಕ್ಕಿದ್ದೆಲ್ಲ ಬರೀ ಮಣ್ಣುಗುಡ್ಡೆ. ಅಮೆರಿಕದಲ್ಲಿ 1983ರಲ್ಲಿ ಇದಕ್ಕೇ ಒಂದು ಕಾನೂನು ಮಾಡಿದ್ರು, ರೈಲು ನಿಂತ ದಾರಿನ ಮಾರಿ ತುಂಡು ಮಾಡೋ ಬದಲು ನಡೆಯೋ ದಾರಿ ಮಾಡಿ ಇಟ್ಕೊಳಿ, ಮುಂದೆ ರೈಲು ಬೇಕು ಅಂದಾಗ ವಾಪಸ್ ತಗೋಬೋದು ಅಂತ. ಬ್ಯಾಂಕಲ್ಲಿ ಡೆಪಾಸಿಟ್ ಇಟ್ಟಂಗೆ. ಇದು ನಮಗೆ ಎಷ್ಟು ಹೊಂದುತ್ತೆ ಅಂದ್ರೆ, ಮೊರಪ್ಪೂರು-ಧರ್ಮಪುರಿ ಮಧ್ಯೆ ಮತ್ತೆ ರೈಲು ಬೇಕು ಅಂತ ಜನ ಎಷ್ಟೋ ವರ್ಷ ಕೂಗಿದ್ಮೇಲೆ 36 ಕಿಲೋಮೀಟರ್ ಹೊಸ ಲೈನಿಗೆ 2019ರಲ್ಲಿ ಅಡಿಗಲ್ಲು ಬಿತ್ತು. ಅಡಿಗಲ್ಲು ಬಿತ್ತು ಸರಿ, ಹಳೇ ದಾರಿ ಮೇಲೆ ಅಷ್ಟರಲ್ಲಿ ಮನೆ ಮಠ ಎದ್ದಿತ್ತು, ಜಮೀನು ಹೊಸದಾಗಿ ಹುಡುಕ್ಬೇಕಾಯ್ತು. ಅವತ್ತೇ ಆ ಪಟ್ಟಿನ ಸೈಕಲ್ ದಾರಿ ಅಂತಾದ್ರೂ ಉಳಿಸ್ಕೊಂಡಿದ್ರೆ ಈ ರಗಳೆ ಎಷ್ಟೋ ಕಮ್ಮಿ ಇರ್ತಿತ್ತು ಅನ್ನೋದು ನನ್ನ ಲೆಕ್ಕ. ರೈಲ್ವೆಗೆ ಖಾಲಿ ಜಾಗ ಡೆವಲಪ್ ಮಾಡೋಕೆ ಅಂತ ಬೇರೆ ಪ್ರಾಧಿಕಾರನೇ ಇದೆ, ಆದ್ರೆ ಅದು ಇರೋದು ಜಾಗದಿಂದ ದುಡ್ಡು ಹುಟ್ಟಿಸೋಕೆ, ಮಣ್ಣುದಾರಿಗೆ ಅಲ್ಲಿ ಯಾರು ಕಿವಿ ಕೊಡ್ತಾರೆ.

ಆಗೋ ಕೆಲಸವೇ ಇದು ಅನ್ನೋಕೆ ಪಕ್ಕದಲ್ಲೇ ಉದಾಹರಣೆ ಇದೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗೋ ಲೈನಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಅಂತ ನ್ಯಾರೋಗೇಜ್ ಕಾಲದ ಸ್ಟೇಷನ್ ಕಟ್ಟಡಗಳು ಪಾಳು ಬಿದ್ದಿದ್ವು, ಹಳೇ ಕಟ್ಟಡ, ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನೋರು ಕೈ ಹಾಕಿ ರಿಪೇರಿಗೆ ತಗೊಂಡ್ರು. ಅಲ್ಲಿ ರೈಲು ಓಡ್ತಾ ಇದೆ, ಇಲ್ಲಿ ಇಲ್ಲ, ಅಷ್ಟೇ ವ್ಯತ್ಯಾಸ. ಇನ್ನೊಂದು ಕಡೆ ಎಚ್ಚರಿಕೆಗೂ ಉದಾಹರಣೆ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಮೀಟರ್‌ಗೇಜ್ ನಿಂತು ಬ್ರಾಡ್‌ಗೇಜ್ ಆಗೋ ತನಕ ಹತ್ತು ವರ್ಷ ರೈಲಿರಲಿಲ್ಲ, ಆಗ ಎಡಕುಮೇರಿ ಕಡೆ ಹಳಿ ಮೇಲೆ ನಡ್ಕೊಂಡು ಹೋಗೋದು ಬೆಂಗಳೂರು ಹುಡುಗರಿಗೆ ಒಂದು ಹುಚ್ಚು. ರೈಲು ಮತ್ತೆ ಶುರುವಾದ್ಮೇಲೂ ಬಿಡ್ಲಿಲ್ಲ, ಸುರಂಗದಲ್ಲಿ ಬಾಟ್ಲಿ, ಪ್ಲಾಸ್ಟಿಕ್ಕು, ಪ್ರಾಣಕ್ಕೂ ಅಪಾಯ. ಹಳಿ ಮೇಲೆ ಅನುಮತಿ ಇಲ್ಲದೆ ಓಡಾಡೋದು ರೈಲ್ವೆ ಆಕ್ಟ್ 147ನೇ ಸೆಕ್ಷನ್ ಪ್ರಕಾರ ಅಪರಾಧ, ಆದ್ರೂ ಹೋಗೋರು ಹೋಗ್ತಾನೇ ಇದ್ರು. ಜನಕ್ಕೆ ಹಳಿ ದಾರಿಲಿ ನಡೆಯೋ ಆಸೆ ಇದ್ದೇ ಇದೆ, ಅದಕ್ಕೆ ಸರಿಯಾದ ಜಾಗ ತೋರ್ಸಿದ್ರೆ ಓಡೋ ರೈಲಿಗೆ ಅಡ್ಡ ಬರೋದಾದ್ರೂ ತಪ್ಪುತ್ತೆ.

ಹಾಗಂತ ವೀಕೆಂಡಿಗೆ ಬೆಂಗಳೂರು ಪೂರ್ತಿ ಇಲ್ಲಿಗೆ ಬಂದು ಸುರಿಯೋದು ನಂಗೂ ಬೇಡ. ನಂದಿಬೆಟ್ಟದಲ್ಲಿ ಭಾನುವಾರ ಕಾರಿನ ಸಾಲು ನೋಡಿದ್ದೀವಲ್ಲ. ಅದಕ್ಕೆ ಇನ್ನೊಂದು ಕಾರಣ ಆನೆ. ಇದು ಬರೀ ರೈಲಿನ ಸೀಮೆ ಅಲ್ಲ, ಆನೆ ಸೀಮೆ. ಅಕ್ಟೋಬರ್ ಕಳೀತಿದ್ದಂಗೆ ಬನ್ನೇರುಘಟ್ಟ ಕಡೆಯಿಂದ ಜವಳಗಿರಿ, ತಳಿ, ಡೆಂಕಣಿಕೋಟೆ ಮಾರ್ಗವಾಗಿ ಹಿಂಡು ಇಳಿಯುತ್ತೆ, ಸಾನಮಾವು ಕಾಡಲ್ಲಿ ಬೀಡು ಬಿಡುತ್ತೆ, ರಾಗಿ ಕಟಾವು ಮುಗಿಯೋ ತನಕ ನಮಗೆ ನಿದ್ದೆ ಇಲ್ಲ. 2014ರಲ್ಲಿ ಕಾವೇರಿ ಉತ್ತರ ಅಭಯಾರಣ್ಯ ಅಂತ ಘೋಷಣೆ ಮಾಡಿದ್ರು, ಸಂತೋಷ, ಆನೆಗೆ ಗಡಿ ಗೊತ್ತಿಲ್ವಲ್ಲ. ಮೊನ್ನೆ ನಮ್ಮ ಕಟ್ಟೆ ಮೇಲೇ ಲದ್ದಿ ಇತ್ತು, ಬಿಸಿ ಆರಿರಲಿಲ್ಲ, ಅದರೊಳಗೆ ಅರೆಬರೆ ರಾಗಿ ತೆನೆ, ನಮ್ಮದೋ ಪಕ್ಕದವರದೋ. ಆನೆಗೂ ಮೆತ್ತಗಿನ ಏರು ಇಷ್ಟ ಅಂತ ಕಾಣುತ್ತೆ, ಹೊಲದೊಳಗೆ ಇಳಿದು ಹತ್ತೋದು ಬಿಟ್ಟು ಕಟ್ಟೆನೇ ಹಿಡ್ಕೊಂಡು ಬರುತ್ತೆ. ಹಾಗಾಗಿ ನಾನು ಕೇಳೋದು, ನವೆಂಬರಿಂದ ಜನವರಿ ತನಕ ಕಾಡಿನ ಪಕ್ಕದ ಭಾಗ ಮುಚ್ಚಿರಲಿ, ಉಳಿದ ತಿಂಗಳಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಐದು, ಆಮೇಲೆ ಯಾರೂ ಇಲ್ಲ. ದೀಪದ ಕಂಬ ಬೇಡ, ಡಿಜೆ ಬೇಡ, ಟೆಂಟ್ ಹಾಕೋ ರೆಸಾರ್ಟ್ ಬೇಡ. ಸಸ್ಟೈನಬಲ್ ಅಂತ ಬೋರ್ಡ್ ಹಾಕಿ ಬೋರ್‌ವೆಲ್ ಕೊರೆದು ಸ್ವಿಮ್ಮಿಂಗ್ ಪೂಲ್ ಮಾಡೋ ಕಂಪನಿಗಳನ್ನ ನೋಡಿದ್ದೀನಿ, ಅದಕ್ಕೆ ಈ ಪದ ಕೇಳಿದ್ರೇ ನಂಗೆ ಭಯ.

ದುಡ್ಡಿನ ವಿಚಾರ. ಮಾವಿನ ಸೀಸನ್‌ಲಿ ಬೆಂಗಳೂರ ಮಾವು, ಅದೇ ತೋತಾಪುರಿ, ಜ್ಯೂಸ್ ಫ್ಯಾಕ್ಟರಿಗೆ ಹೋಗೋ ರೇಟು ಕೇಳಿದ್ರೆ ಕಿತ್ತ ಕೂಲಿನೂ ಗಿಟ್ಟಲ್ಲ ಅನ್ನೋ ವರ್ಷಗಳಿವೆ. ಅದೇ ಕಾಯಿನ ಕಟ್ಟೆ ಪಕ್ಕ ಕೂತು ಹೆಚ್ಚಿ ಉಪ್ಪುಕಾರ ಹಾಕಿ ಕೊಟ್ರೆ ಒಂದಕ್ಕೆ ಇಪ್ಪತ್ತು ರೂಪಾಯಿ ಬರುತ್ತೆ. ಸ್ವಸಹಾಯ ಸಂಘದ ಹೆಂಗಸರು ಮುದ್ದೆ, ಹುರುಳಿ ಸಾರು, ಅವರೆ ಕಾಲದಲ್ಲಿ ಅವರೆಕಾಳು ಸಾರು ಮಾಡಾಕ್ಲಿ, ಎರಡು ರೂಮಿರೋರು ಒಂದು ಬಾಡಿಗೆಗೆ ಕೊಡ್ಲಿ, ಪಂಕ್ಚರ್ ಹಾಕೋ ನಮ್ಮ ಹುಡುಗನಿಗೆ ನಾಲ್ಕು ಟ್ಯೂಬ್ ಜಾಸ್ತಿ ಕೆಲಸ ಸಿಗ್ಲಿ. ದೊಡ್ಡದೇನಲ್ಲ. ಇದರಿಂದ ಊರು ಉದ್ಧಾರ ಆಗ್ಬಿಡುತ್ತೆ ಅಂತ ನಾನು ಹೇಳಲ್ಲ, ಫ್ಯಾಕ್ಟರಿ ಸಂಬಳ ಬಿಟ್ಟು ಯಾರೂ ಬರಲ್ಲ. ಹೆಂಗಸರಿಗೆ ಮನೆ ಹತ್ರ ನಾಲ್ಕು ಕಾಸು, ಶಾಲೆ ಮಕ್ಕಳಿಗೆ ಲಾರಿ ಇಲ್ಲದ ದಾರಿ, ಇದಿಷ್ಟು ಆದ್ರೆ ಸಾಕು.

ಕಟ್ಟೆ ಮೇಲೆ ಹುರುಳಿ ಹಾಕ್ಕೊಂಡು ಬದುಕೋ ಎರಡು ಮೂರು ಬಡ ಕುಟುಂಬ ಇದ್ದಾರೆ, ಅವರನ್ನ ಮೊದಲು ಒಕ್ಕಲೆಬ್ಬಿಸಿ ಆಮೇಲೆ ಟೂರಿಸಂ ಅನ್ನೋದಾದ್ರೆ ನಾನೇ ಅಡ್ಡ ನಿಲ್ತೀನಿ. ಕಟ್ಟೆ ನೋಡ್ಕೊಳೋ ಕೆಲಸ, ಲಂಟಾನ ಕಡಿಯೋ ಕೆಲಸ ಅವರಿಗೇ ಕೊಡ್ಬೇಕು. ಮತ್ತೆ ಇನ್ನೊಂದು ವಿಷಯ ನಾನೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ನಮ್ಮೂರೋರು ಯಾರಾದ್ರೂ ನಿಮಗೆ ಬರೀತಾರೆ. ನಮ್ಮಪ್ಪ ಎಪ್ಪತ್ತನೇ ಇಸವಿ ಸುಮಾರಿಗೆ ಕಟ್ಟೆ ಅಂಚಿಗೆ ಐದು ಮಾವಿನ ಗಿಡ ಇಟ್ಟಿದ್ರು. ಬೇಲಿ ಆಮೇಲೆ ನಿಧಾನಕ್ಕೆ ಆ ಐದು ಮರದ ಆಚೆಗೆ ಹೋಯ್ತು. ಅಂದ್ರೆ ಒತ್ತುವರಿ ಲಿಸ್ಟಲ್ಲಿ ನಂದೂ ಇದೆ. ಜೆಸಿಬಿ ಅವತ್ತು ಗಲಾಟೆಲಿ ನಿಂತಾಗ ಆ ಕಡೆಯೋನು ಒಬ್ಬ "ನಿಮ್ಮ ಬೇಲಿ ಎಲ್ಲೈತೆ ನೋಡ್ಕೊಳಿ" ಅಂದ, ನಂಗೆ ಮಾತೇ ಬರ್ಲಿಲ್ಲ. ಸೋಮವಾರ ನಾನೂ ಮಗನೂ ಬೇಲಿ ಕಿತ್ತು ಒಳಗೆ ಹಾಕಿದ್ವಿ. ಮರ ಮಾತ್ರ ಕಡಿಯೋಕೆ ಮನಸ್ಸು ಬರ್ಲಿಲ್ಲ, ನಡೆಯೋರಿಗೆ ನೆರಳಿರ್ಲಿ, ಕಾಯಿ ಯಾರು ಬೇಕಾದ್ರೂ ಕಿತ್ಕೊಳ್ಳಿ.

ನಿಮ್ಮಲ್ಲಿ ನಂದು ಕೇಳೋದು ಇಷ್ಟೇ ಸಾರ್. ಪೊಂಗಲ್‌ಗೆ ಮುಂಚೆ ನಿಮ್ಮ ವರದಿಗಾರರನ್ನ ಒಬ್ಬರನ್ನ ಕಳ್ಸಿ. ಆ ಹರಿದ ನಕ್ಷೆ ಹಾಳೆ ಬಗ್ಗೆ ಪೇಪರಿನೋರು ಹೋಗಿ ಕೇಳಿದ್ರೆ ಬೇರೆ ಉತ್ತರ ಬರ್ಬೋದು. ಕಾರಲ್ಲಿ ಬೇಡ, ಹೊಸೂರು ಬಸ್‌ಸ್ಟ್ಯಾಂಡಲ್ಲಿ ರಾಯಕೋಟೆ ಬಸ್ಸು ಹತ್ತಿಸಿ, ನಾನು ಎರಡು ಸೈಕಲ್ ಇಟ್ಕೊಂಡು ಕಾಯ್ತಿರ್ತೀನಿ, ಒಂದಕ್ಕೆ ಬ್ರೇಕ್ ಸ್ವಲ್ಪ ಕಮ್ಮಿ, ಅದು ನನಗಿರ್ಲಿ. ಮೋರಿ ತೋರಿಸ್ತೀನಿ, ಶಾಲೆ ಗಂಟೆ ತೋರಿಸ್ತೀನಿ, ಮಧ್ಯಾಹ್ನ ಮುದ್ದೆ ನಮ್ಮನೇಲೇ. ಈಗ ಆನೆ ಇಳಿದಿರೋ ಟೈಮು, ಅದಕ್ಕೆ ಬೆಳಿಗ್ಗೆ ಒಂಬತ್ತು ಆದ್ಮೇಲೆ ಬರ್ಲಿ, ನಾಲ್ಕು ಗಂಟೆ ಬಸ್ಸಿಗೆ ನಾನೇ ಹತ್ತಿಸಿ ಕಳಿಸ್ತೀನಿ.

ಇಂತಿ,
ನಿಮ್ಮ ಪತ್ರಿಕೆ ಓದೋ ಒಬ್ಬ ಫ್ಯಾಕ್ಟರಿ ಕೆಲಸಗಾರ
ರಾಯಕೋಟೆ ಹತ್ರ, ಕೃಷ್ಣಗಿರಿ ಜಿಲ್ಲೆ